ಗುಳ್ಳೆಗೆ ಹೆಸರು ಸಿಗೋದು ಯಾಕಿಷ್ಟು ತಡ?

ಬಾಗಲಕೋಟೆ ಕಡೆ ಬಾಯಿ ಹುಣ್ಣಾದರೆ ಮೊದಲ ಮಾತು, 'ಹೀಟ್ ಆಗೇತಿ ಬಿಡು'. ಮಜ್ಜಿಗೆ, ಬಿ ಕಾಂಪ್ಲೆಕ್ಸ್ ಗುಳಿಗೆ ಎರಡೂ ಆಗುತ್ತವೆ. ತಿಂಗಳಾದರೂ ಹುಣ್ಣು ಮಾಯುವುದಿಲ್ಲ. ಖಡಕ್ ರೊಟ್ಟಿ ಹೋಗಲಿ, ಮೆತ್ತಗಿನ ಅನ್ನವೂ ಉರಿಯುತ್ತದೆ. ಆಮೇಲೆ ಎದೆ, ಬೆನ್ನಿನ ಮೇಲೆ ನೀರುಗುಳ್ಳೆ. ಈಗ ಅದು ಸರ್ಪಸುತ್ತು, ಕೆಮ್ಮಣ್ಣು ಹಚ್ಚುತ್ತಾರೆ. ಸರ್ಪಸುತ್ತು ಸಾಮಾನ್ಯವಾಗಿ ಮೈಯ ಒಂದೇ ಬದಿಗೆ ಪಟ್ಟಿಯ ಹಾಗೆ ಏಳುತ್ತದೆ. ಇದು ಎರಡೂ ಬದಿಗಿದೆ. ಅಲ್ಲೇ ಅನುಮಾನ ಬರಬೇಕಿತ್ತು, ಅಲ್ವಾ?

ಇದು ಪೆಂಫಿಗಸ್ ಇರಬಹುದು. ಒಬ್ಬರಿಂದ ಒಬ್ಬರಿಗೆ ಹರಡುವ ರೋಗವಲ್ಲ. ಚರ್ಮದ ಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಡೆಸ್ಮೋಗ್ಲೀನ್ ಎಂಬ ಪ್ರೋಟೀನಿನ ಮೇಲೆ ರೋಗ ತಡೆಯಬೇಕಾದ ದೇಹದ ಪ್ರತಿಕಾಯಗಳೇ (ಆ್ಯಂಟಿಬಾಡಿ) ತಿರುಗಿ ಬೀಳುತ್ತವೆ. ಹಿಡಿತ ಬಿಟ್ಟಲ್ಲಿ ನೀರು ತುಂಬುತ್ತದೆ.

1896ರಲ್ಲಿ ರಷ್ಯಾದ ವೈದ್ಯ ನಿಕೋಲ್ಸ್ಕಿ, ಈ ರೋಗದಲ್ಲಿ ಗುಳ್ಳೆಯ ಪಕ್ಕದ ಚರ್ಮ ಬೆರಳಿನಿಂದ ಒತ್ತಿ ಸರಿಸಿದರೆ ಸುಲಿದು ಬರುತ್ತದೆ ಎಂದು ತೋರಿಸಿದ. 1947ರಲ್ಲಿ ತ್ಸಾಂಕ್ ಎಂಬ ವೈದ್ಯ ಗುಳ್ಳೆಯ ತಳ ಕೆರೆದು ಗಾಜಿನ ಮೇಲಿಟ್ಟು, ಹಿಡಿತ ಬಿಟ್ಟ ಕೋಶಗಳನ್ನು ನೋಡಿದ. 1953ರಲ್ಲಿ ವಾಲ್ಟರ್ ಲೀವರ್, ಪೆಂಫಿಗಸ್ಸನ್ನೇ ಹೋಲುವ ಪೆಂಫಿಗಾಯ್ಡ್ ಎಂಬ ಇನ್ನೊಂದು ಗುಳ್ಳೆ ರೋಗವನ್ನು ಬೇರೆ ಮಾಡಿದ: ವಯಸ್ಸಾದವರಲ್ಲಿ ಜಾಸ್ತಿ, ಗುಳ್ಳೆ ಬಿಗಿ, ಬೇಗ ಒಡೆಯದು.

ನಿಜವಾದ ತಿರುವು 1964ರದು. ಬ್ಯೂಟ್ನರ್ ಮತ್ತು ಜೋರ್ಡನ್ ರೋಗಿಗಳ ರಕ್ತದಲ್ಲಿ ಈ ಪ್ರತಿಕಾಯಗಳನ್ನು ಕಂಡರು. ಅವರು ಬಳಸಿದ್ದು ಇಮ್ಯುನೋಫ್ಲೋರೆಸೆನ್ಸ್, ಅಂದರೆ ಪ್ರತಿಕಾಯ ಕೂತಲ್ಲಿ ಬಣ್ಣ ಹೊಳೆಯುವಂತೆ ಮಾಡುವ ಪರೀಕ್ಷೆ. ಸೂಕ್ಷ್ಮದರ್ಶಕದಡಿ ಕೋಶಗಳ ಸುತ್ತ ಹಸಿರು ಬಲೆ ಹೊಳೆದರೆ ಪೆಂಫಿಗಸ್. ಚರ್ಮದ ಮೇಲ್ಪದರದ ಬುಡದಲ್ಲಿ ಹಸಿರು ಗೆರೆ ಎಳೆದಂತೆ ಕಂಡರೆ ಪೆಂಫಿಗಾಯ್ಡ್.

ಎಡವುವುದು ಬಾಟಲಿಯಲ್ಲಿ. ರೋಗ ಪತ್ತೆಗೆ ಚರ್ಮದ ಎರಡು ತುಣುಕು ಬೇಕು. ಹೊಸ ಗುಳ್ಳೆಯದು, ಸಾಮಾನ್ಯ ಬಯಾಪ್ಸಿಗೆ, ಫಾರ್ಮಲಿನ್ ದ್ರಾವಣಕ್ಕೆ. ಇನ್ನೊಂದನ್ನು, ಇಮ್ಯುನೋಫ್ಲೋರೆಸೆನ್ಸ್‌ಗೆ, ಗುಳ್ಳೆಯ ಪಕ್ಕದಿಂದ ತೆಗೆದು ಮೈಕೆಲ್ಸ್ ಮೀಡಿಯಂ ಎಂಬ ಬೇರೆ ದ್ರಾವಣಕ್ಕೆ ಹಾಕಬೇಕು. 'ಚಲೋ ಇರೋ ಚರ್ಮ ಯಾಕ್ರಿ ಕತ್ತರಿಸ್ತೀರಿ?' ಎಂದು ಮನೆಯವರು ಕೇಳುವುದು ಸಹಜ. ಗುಳ್ಳೆಯೊಳಗೆ ಪ್ರತಿಕಾಯದ ಗುರುತು ಹಾಳಾಗಿರುತ್ತದೆ, ಅದಕ್ಕೆ. ಎರಡನ್ನೂ ರೂಢಿಯಂತೆ ಫಾರ್ಮಲಿನ್‌ಗೇ ಹಾಕಿದರೆ ಹೊಳಪು ಸತ್ತಂತೆಯೇ. ವರದಿ 'ನೆಗೆಟಿವ್' ಬರುತ್ತದೆ. ರೋಗಿಗೆ ಸುಮ್ನೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಬೀಳುತ್ತದೆ, ಗುಳ್ಳೆ ಇಳಿಯುತ್ತದೆ, ಮತ್ತೆ ಏಳುತ್ತದೆ. ಇದು ಯಾರೊಬ್ಬರ ತಪ್ಪೂ ಅಲ್ಲ. ಆದರೂ ಅರುವತ್ತು ವರ್ಷ ಹಳೆಯ ಪರೀಕ್ಷೆ ಒಂದು ಬಾಟಲಿಗಾಗಿ ನಿಲ್ಲಬಾರದು.

ಈಗ ಡೆಸ್ಮೋಗ್ಲೀನ್ 1 ಮತ್ತು 3ರ ಮೇಲೆ ಬೀಳುವ ಪ್ರತಿಕಾಯಗಳನ್ನು ಅಳೆಯುವ ಎಲೈಸಾ ರಕ್ತಪರೀಕ್ಷೆಯೂ ಇದೆ. ಮೈಕೆಲ್ಸ್ ಮೀಡಿಯಂ ಸಿಗದಿದ್ದರೆ ಸಾದಾ ಸಲೈನ್‌ನಲ್ಲಿಟ್ಟ ತುಣುಕು ಒಂದು ದಿನ ತಡೆಯುತ್ತದೆ. ಬಾಗಲಕೋಟೆಯಲ್ಲಿ ರಾತ್ರಿ ಬಸ್ಸಿಗೆ ಕೊಟ್ಟ ಬಾಟಲಿ ಬೆಳಗ್ಗೆ ಬೆಂಗಳೂರಿನಲ್ಲಿರುತ್ತದೆ.