ಮುಖದ ನರಶೂಲೆ: ಕತ್ತರಿಸಿದ್ದು ನರ, ಕಾಟ ಕೊಟ್ಟಿದ್ದು ರಕ್ತನಾಳ

ಹಲ್ಲುಜ್ಜಿದರೆ, ಮುಖ ತೊಳೆದರೆ, ತಣ್ಣನೆ ಗಾಳಿ ಸೋಕಿದರೆ ಸಾಕು, ಒಂದು ಕಡೆಯ ಕೆನ್ನೆ-ದವಡೆಯಲ್ಲಿ ಕರೆಂಟು ಹೊಡೆದಂಥ ನೋವು. ಕೆಲವೇ ಸೆಕೆಂಡು, ಹೆಚ್ಚೆಂದರೆ ಎರಡು ನಿಮಿಷ. ಮಿದುಳಿನಿಂದ ನೇರವಾಗಿ ಹೊರಡುವ ಕಪಾಲ ನರಗಳಲ್ಲಿ ಐದನೆಯದರ ಈ ಕಾಯಿಲೆಯ ಹೆಸರು ಟ್ರೈಜೆಮಿನಲ್ ನ್ಯೂರಾಲ್ಜಿಯಾ. ಹಲ್ಲುನೋವೆಂದುಕೊಂಡು ಒಂದರ ಹಿಂದೊಂದು ಹಲ್ಲು ಕೀಳಿಸಿಕೊಂಡ ಮೇಲೆ ನರರೋಗ ತಜ್ಞರ ಬಳಿ ಬರುವವರು ಇಂದಿಗೂ ಇದ್ದಾರೆ.

1756ರಲ್ಲಿ ಫ್ರಾನ್ಸಿನ ನಿಕೊಲಾ ಆಂದ್ರೆ ಇದಕ್ಕೆ 'ಟಿಕ್ ದುಲುರೊ' ಎಂದು ಹೆಸರಿಟ್ಟರು. ನೋವು ಬಂದಾಗ ಮುಖ ಕಿವುಚಿಕೊಳ್ಳುವುದನ್ನು ಕಂಡು ಇಟ್ಟ ಹೆಸರದು. ಆದರೆ ತಪ್ಪು ಯಾವ ನರದ್ದು ಎಂಬುದೇ ಆಗ ಗೊತ್ತಿರಲಿಲ್ಲ. ಮುಖದ ಸ್ನಾಯುಗಳನ್ನು ಆಡಿಸುವುದು ಏಳನೇ ನರ, ಮುಖದ ಸ್ಪರ್ಶ-ನೋವನ್ನು ಒಯ್ಯುವುದು ಐದನೆಯದು ಎಂದು ಬ್ರಿಟನ್ನಿನ ವೈದ್ಯ ಚಾರ್ಲ್ಸ್ ಬೆಲ್ 1820ರ ದಶಕದಲ್ಲಿ ಬಿಡಿಸಿ ಹೇಳಿದರು. ಅದಕ್ಕೆ ಮುಂಚೆ ಏಳನೆಯದನ್ನು ಕತ್ತರಿಸಿ ಬಾಯಿ ಸೊಟ್ಟಗಾದದ್ದುಂಟು. ನೋವು ಮಾತ್ರ ಹೋಗಲಿಲ್ಲ.

ಆಮೇಲೆ ಸರಿಯಾದ ನರವನ್ನೇ ಕತ್ತರಿಸತೊಡಗಿದರು. ಅಮೆರಿಕದ ವಾಲ್ಟರ್ ಡ್ಯಾಂಡಿ ಕಿವಿಯ ಹಿಂದಿನಿಂದ ಒಳಹೊಕ್ಕಾಗ, ಮಿದುಳುಕಾಂಡದ ಹತ್ತಿರ ಅಪಧಮನಿಯೊಂದು ಈ ನರವನ್ನು ಒತ್ತುತ್ತಿರುವುದನ್ನು ಮತ್ತೆ ಮತ್ತೆ ಕಂಡರು. 1934ರಲ್ಲಿ ಅದನ್ನು ಬರೆದೂ ಬರೆದರು. ಆದರೂ ಅವರು ಕತ್ತರಿಸಿದ್ದು ನರವನ್ನೇ. ಈ ಚರಿತ್ರೆಯಲ್ಲಿ ನನಗೆ ಅತ್ಯಂತ ವಿಚಿತ್ರವೆನಿಸುವುದು ಇದೇ.

1960ರ ದಶಕದಲ್ಲಿ ಅಮೆರಿಕದ ಶಸ್ತ್ರವೈದ್ಯ ಪೀಟರ್ ಜನೆಟ್ಟಾ ಶಸ್ತ್ರಚಿಕಿತ್ಸೆಯ ಸೂಕ್ಷ್ಮದರ್ಶಕ ಹಿಡಿದು ಅಪಧಮನಿಯನ್ನೇ ಸರಿಸಿದರು. ಅದು ಮಿಡಿದು ಮಿಡಿದು ನರದ ಮೈಲಿನ್ ಹೊದಿಕೆ ಸವೆದಿರುತ್ತದೆ. ಸಿಪ್ಪೆ ಕಿತ್ತ ವೈರುಗಳ ಹಾಗೆ, ಸ್ಪರ್ಶದ ಸಂಕೇತ ನೋವಿನ ಎಳೆಗೆ ಹಾರುತ್ತದೆ. ಕಿವಿಯ ಹಿಂದೆ ನಾಣ್ಯದಗಲ ಮೂಳೆ ತೆಗೆದು, ಕಿರುಮೆದುಳನ್ನು ಮೆಲ್ಲಗೆ ಸರಿಸಿ, ರಕ್ತನಾಳಕ್ಕೂ ನರಕ್ಕೂ ನಡುವೆ ಟೆಫ್ಲಾನ್ ಚೂರು ಇಡುತ್ತಾರೆ. ಕಿರುಮೆದುಳನ್ನು ಹೆಚ್ಚು ಎಳೆದರೆ ಎಂಟನೇ ನರ ಜಗ್ಗಿ ಕಿವಿ ಕೇಳಿಸದಾಗಬಹುದು. ಕಿವಿ ಹಿಂದಿನ ಮೂಳೆಯ ಗಾಳಿಗೂಡುಗಳನ್ನು ಮೇಣದಿಂದ ಮುಚ್ಚದಿದ್ದರೆ ಮಿದುಳಿನ ದ್ರವ ಸೋರುತ್ತದೆ. 1996ರಲ್ಲಿ ಪ್ರಕಟವಾದ 1,185 ರೋಗಿಗಳ ಲೆಕ್ಕದಲ್ಲಿ, ಹತ್ತು ವರ್ಷದ ನಂತರವೂ ಶೇ 70ರಷ್ಟು ಜನ ಔಷಧಿಯಿಲ್ಲದೆ, ನೋವಿಲ್ಲದೆ ಇದ್ದರು.

ಹಾಗೆಂದು ಎಂಆರ್‌ಐನಲ್ಲಿ ರಕ್ತನಾಳ ಕಂಡ ಕೂಡಲೇ ಶಸ್ತ್ರಚಿಕಿತ್ಸೆಯಲ್ಲ. ನೋವೇ ಇಲ್ಲದವರಲ್ಲೂ ಅದು ನರಕ್ಕೆ ತಾಗಿಕೊಂಡಿರುತ್ತದೆ. ಸ್ಕ್ಯಾನ್‌ನ ಮುಖ್ಯ ಕೆಲಸ ಗೆಡ್ಡೆಯಾಗಲಿ, ಮೈಲಿನ್ ಹೊದಿಕೆಯನ್ನು ಹಾಳುಮಾಡುವ ಮಲ್ಟಿಪಲ್ ಸ್ಕ್ಲೆರೋಸಿಸ್ ಕಾಯಿಲೆಯಾಗಲಿ ಇಲ್ಲವೆಂದು ಖಚಿತಪಡಿಸುವುದು.

ಮೊದಲು ಮಾತ್ರೆಯೇ. ಮೂರ್ಛೆರೋಗದ ಔಷಧಿ ಕಾರ್ಬಮಜೆಪೈನ್ ಇದಕ್ಕೂ ನಾಟುತ್ತದೆಂದು 1962ರಲ್ಲಿ ತಿಳಿಯಿತು. ಮಾಮೂಲಿ ನೋವಿನ ಮಾತ್ರೆ ನಾಟುವುದಿಲ್ಲ. ಸಾಮಾನ್ಯವಾಗಿ 100 ಮಿಲಿಗ್ರಾಂ ದಿನಕ್ಕೆರಡು ಬಾರಿ ಶುರುಮಾಡಿ, ಕೆಲವು ದಿನಕ್ಕೊಮ್ಮೆ ಏರಿಸುತ್ತಾರೆ. ಸಾಮಾನ್ಯವಾಗಿ ದಿನಕ್ಕೆ 1,200 ದಾಟಿಸುವುದಿಲ್ಲ. ತಲೆ ತಿರುಗುವುದು, ಸೋಡಿಯಂ ಇಳಿಯುವುದು ಸಾಮಾನ್ಯ. ಮೈಮೇಲೆ ದದ್ದು ಎದ್ದರೆ ಮಾತ್ರ ತಕ್ಷಣ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಏಷ್ಯಾದ ಕೆಲವರಲ್ಲಿ ಎಚ್‌ಎಲ್‌ಎ-ಬಿ 1502 ಎಂಬ ಜೀನ್ ಇದ್ದರೆ ಚರ್ಮವೇ ಸುಲಿದುಹೋಗುವ ಅಪಾಯವಿದೆ.

ಶಸ್ತ್ರಚಿಕಿತ್ಸೆ ತಡೆಯಲಾರದ ವಯಸ್ಸಾದವರಿಗೆ ಕೆನ್ನೆಯ ಮೂಲಕ ಸೂಜಿ ತೂರಿಸಿ ನರದ ಗಂಟನ್ನು ಸುಡುವ, ಬಲೂನಿನಿಂದ ಅದುಮುವ ದಾರಿಗಳಿವೆ. ನೋವು ಬೇಗ ಇಳಿಯುತ್ತದೆ, ಜೊತೆಗೆ ಮುಖ ಜೋಮು ಹಿಡಿಯುತ್ತದೆ. ಹಣೆ-ಕಣ್ಣಿನ ಕವಲೂ ಮರಗಟ್ಟಿದರೆ ಕಣ್ಣಿಗೆ ಕಸ ಬಿದ್ದದ್ದೂ ಗೊತ್ತಾಗುವುದಿಲ್ಲ. ಅಂಥವರು ದಿನಾ ಕನ್ನಡಿಯಲ್ಲಿ ಕಣ್ಣು ನೋಡಿಕೊಂಡು, ಕೆಂಪಾಗಿದ್ದರೆ ನೋವಿಲ್ಲದಿದ್ದರೂ ಕಣ್ಣಿನ ವೈದ್ಯರಿಗೆ ತೋರಿಸಬೇಕು.