ಲೋಚ್ ಸಾಕುವ ಮುಂಚೆ ತೊಟ್ಟಿಯ ತಳ ಸರಿ ಮಾಡಿ: ಮೈಸೂರು, ಮಂಡ್ಯದ ಕಲಿಯುವವರಿಗೆ ಟಿಪ್ಪಣಿ

ಅಕ್ವೇರಿಯಂ ಕಲಿಯುವಾಗ ನಾವೆಲ್ಲ ನೀರಿನಿಂದ ಶುರು ಮಾಡುತ್ತೇವೆ. ಲೋಚ್ ಮೀನಿನ ವಿಷಯದಲ್ಲಿ ತಳದಿಂದ ಶುರು ಮಾಡಬೇಕು. ಇದು ತಿನ್ನುವುದು, ಮಲಗುವುದು, ಅಡಗುವುದು, ಕಾಯಿಲೆ ಹತ್ತಿಸಿಕೊಳ್ಳುವುದು ಎಲ್ಲ ತಳದಲ್ಲೇ. ಇದರ ಮೈಯನ್ನು ಸರಿಯಾಗಿ ಓದಿಕೊಂಡರೆ ಆರೈಕೆಯ ಬಹುಪಾಲು ನಿಯಮಗಳು ತಾವಾಗಿಯೇ ಹೊಳೆಯುತ್ತವೆ. ಈ ಟಿಪ್ಪಣಿಯನ್ನು ಹಾಗೇ ಬರೆದಿದ್ದೇನೆ.

ಲೋಚ್ ನಮಗೆ ಪರದೇಶದ ಮೀನೇನೂ ಅಲ್ಲ. ಪಟ್ಟೆಪಟ್ಟೆಯ ಜೀಬ್ರಾ ಲೋಚ್, ಅಂದರೆ ಬೋಟಿಯಾ ಸ್ಟ್ರಿಯಾಟಾ, ನಮ್ಮ ಪಶ್ಚಿಮ ಘಟ್ಟದ ಹೊಳೆಗಳದ್ದು. 1920ರಲ್ಲಿ ಅದಕ್ಕೆ ವೈಜ್ಞಾನಿಕ ಹೆಸರು ಕೊಟ್ಟವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಸಿ. ಆರ್. ನಾರಾಯಣ ರಾವ್. ಮುಂದೆ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರಾದವರೂ ಅವರೇ. 1941ರಲ್ಲಿ ಮೀನು ವಿಜ್ಞಾನಿ ಸುಂದರ್ ಲಾಲ್ ಹೋರಾ ಹೆಸರಿಟ್ಟ ಇನ್ನೊಂದು ಲೋಚ್ ಬಾಲಿಟೋರಾ ಮೈಸೂರೆನ್ಸಿಸ್. ಹೆಸರಲ್ಲೇ ಮೈಸೂರು ಇದೆ. ಕಾವೇರಿಯ ಮರಳಿನಲ್ಲಿ ಹೂತುಕೊಂಡು ಬದುಕುವ ಲೆಪಿಡೋಸೆಫಾಲಿಕ್ತಿಸ್ ಥರ್ಮಾಲಿಸ್ ಕೂಡ ಇದೇ ಬಳಗ.

ಯಾವುದನ್ನು ತರಬೇಕು?

ಹೊಸಬರಿಗೆ ನನ್ನ ಸಲಹೆ ಕುಹ್ಲಿ ಲೋಚ್. ಹಾವಿನಂಥ ಮೈ, ಹಳದಿ ಕಪ್ಪು ಪಟ್ಟೆ, ಉದ್ದ 8 ರಿಂದ 10 ಸೆಂ.ಮೀ. ಆಗ್ನೇಯ ಏಷ್ಯಾದ ನಿಧಾನ ಹರಿವಿನ, ಎಲೆ ಬಿದ್ದ ತೊರೆಗಳ ಮೀನು. ಜೀಬ್ರಾ ಲೋಚ್ ಕೂಡ ಹೆಚ್ಚುಕಮ್ಮಿ ಅಷ್ಟೇ ಉದ್ದ, ಇನ್ನೂ ಗಟ್ಟಿ ಮೀನು. ಆದರೆ ಕಾಡಿನ ಹೊಳೆಗಳಲ್ಲಿ ಅದು ಅಪಾಯದಲ್ಲಿದೆ. ಹಿಡಿದು ತಂದದ್ದೋ ಸಾಕಿ ಬೆಳೆಸಿದ್ದೋ ಎಂದು ಅಂಗಡಿಯಲ್ಲಿ ಕೇಳಿಯೇ ಕೊಳ್ಳಿ. ಕುಳ್ಳ ಚೈನ್ ಲೋಚ್ 5-6 ಸೆಂ.ಮೀ. ಮಾತ್ರ, ತುಂಬ ಚುರುಕು. ಥಾಯ್ಲೆಂಡಿನಲ್ಲಿ ಅದರ ಕಾಡಿನ ಸಂಖ್ಯೆ ಕುಸಿದಿದೆ. ಈಗ ಮಾರಾಟಕ್ಕೆ ಬರುವುದು ಬಹುಪಾಲು ಸಾಕಣೆಯ ಮರಿಗಳು.

ಕ್ಲೌನ್ ಲೋಚ್ ಮಾತ್ರ ಚಿಕ್ಕ ತೊಟ್ಟಿಗೆ ಬೇಡ. ಅಂಗಡಿಯಲ್ಲಿ ಎರಡು ಇಂಚು ಇದ್ದದ್ದು ಬೆಳೆದರೆ 20 ರಿಂದ 30 ಸೆಂ.ಮೀ. ಆಗುತ್ತದೆ, ಇಪ್ಪತ್ತು ವರ್ಷಕ್ಕೂ ಮೀರಿ ಬದುಕುತ್ತದೆ. 'ಬಸವನಹುಳು ಜಾಸ್ತಿ ಆಗಿವೆ' ಅಂದವರಿಗೆಲ್ಲ, ಅವನ್ನು ತಿನ್ನುತ್ತದೆ ಎಂದು, ಇದನ್ನೇ ಕಟ್ಟಿ ಕೊಡುತ್ತಾರೆ. ಹಾಗೆ ತಂದ ಮೀನು ನರಳುವುದನ್ನು ನೋಡುವುದು ಬೇಸರದ ಸಂಗತಿ.

ಮೀಸೆ ಮತ್ತು ಮರಳು

ಲೋಚ್‌ನ ಬಾಯಿ ಕೆಳಮುಖವಾಗಿದೆ. ಸುತ್ತ ಜೊತೆಜೊತೆಯಾಗಿ ಮೀಸೆ. ಆ ಮೀಸೆಗಳ ಮೇಲೆ ರುಚಿ ಗ್ರಂಥಿಗಳಿವೆ. ಕತ್ತಲಲ್ಲಿ ಅದು ಊಟ ಹುಡುಕುವುದು ಮೀಸೆಯಿಂದ, ಕಣ್ಣಿನಿಂದಲ್ಲ. ಮೀಸೆ ಸವೆದುಹೋದರೆ ಎದುರಿಗೆ ಊಟ ಇದ್ದರೂ ಮೀನು ಸೊರಗುತ್ತದೆ. ಚೂಪು ಕಲ್ಲು ಮತ್ತು ಕೊಳೆತ ತಳ, ಇವೆರಡೂ ಸೇರಿದರೆ ಮೀಸೆಗೆ ಗಾಯವಾಗಿ ಸೋಂಕು ಹತ್ತುತ್ತದೆ. ಆದ್ದರಿಂದ ಬಣ್ಣದ ಜಲ್ಲಿ ಬೇಡ. ನುಣುಪಾದ ಮರಳು ಬೇಕು.

ಇಲ್ಲಿ ನಮ್ಮೂರಿನ ಒಂದು ಎಚ್ಚರಿಕೆ. ಮೈಸೂರಿನಲ್ಲಾಗಲಿ ಮಂಡ್ಯದಲ್ಲಾಗಲಿ ಮನೆ ಕಟ್ಟುವ ಕಡೆ ಈಗ ರಾಶಿ ಬಿದ್ದಿರುವುದು ಎಂ-ಸ್ಯಾಂಡ್. ಅದು ಕಲ್ಲು ಪುಡಿ ಮಾಡಿದ್ದು. ಕಾಳು ಕಾಳಿಗೂ ಮೂಲೆಗಳಿರುತ್ತವೆ, ಜೊತೆಗೆ ಕಲ್ಲಿನ ಹಿಟ್ಟು. ಲೋಚ್‌ಗೆ ಅದು ಆಗದು. ನೀರು ಶುದ್ಧೀಕರಣ ಘಟಕಗಳಿಗೆ ಬಳಸುವ ಫಿಲ್ಟರ್ ಮರಳು ಸಿಕ್ಕರೆ ಒಳ್ಳೆಯದು, ಇಲ್ಲವೇ ಅಕ್ವೇರಿಯಂ ಮರಳು. ಹೊಳೆಗೆ ಹೋಗಿ ಚೀಲ ತುಂಬಿಕೊಂಡು ಬರಬೇಡಿ. ಮರಳು ತೆಗೆಯಲು ಕಾನೂನಿನ ಕಟ್ಟುಪಾಡಿದೆ, ಅಲ್ಲಿನ ಹುಳು ಹುಪ್ಪಟೆಯೂ ಮನೆಗೆ ಬರುತ್ತದೆ.

ಮರಳನ್ನು ಎರಡು ಪರೀಕ್ಷೆ ಮಾಡಿ. ಒಂದು ಹಿಡಿ ಒದ್ದೆ ಮರಳನ್ನು ಮುಂಗೈ ಒಳಭಾಗಕ್ಕೆ ಉಜ್ಜಿ. ಗೀರಿದರೆ ಬೇಡ. ಒಣ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ಗುಳ್ಳೆ ಎದ್ದರೆ ಸುಣ್ಣದಂಶ ಇದೆ, ನೀರನ್ನು ಗಡಸು ಮಾಡುತ್ತದೆ. ಆಮೇಲೆ ಅಕ್ಕಿ ತೊಳೆದ ಹಾಗೆ ಮತ್ತೆ ಮತ್ತೆ ತೊಳೆಯಿರಿ, ನೀರು ತಿಳಿಯಾಗುವ ತನಕ.

ದಪ್ಪ 3 ರಿಂದ 5 ಸೆಂ.ಮೀ. ಸಾಕು. ಎರಡು ಅಡಿ ಉದ್ದ, ಒಂದು ಅಡಿ ಅಗಲದ ತೊಟ್ಟಿಗೆ 4 ಸೆಂ.ಮೀ. ಹರಡಲು ಸುಮಾರು 12 ಕೆ.ಜಿ. ಮರಳು ಬೇಕು. ಇನ್ನೂ ದಪ್ಪ ಹಾಕಿದರೆ ಅಡಿಯಲ್ಲಿ ಗಾಳಿಯಾಡದೆ ಕೊಳೆಯುತ್ತದೆ. ವಾರಕ್ಕೊಮ್ಮೆ ಕಸ ಎಳೆಯುವಾಗ ಪೈಪನ್ನು ಮರಳಿಗಿಂತ ಬೆರಳಗಲ ಮೇಲೆ ಹಿಡಿಯಿರಿ. ಮರಳು ಉಳಿಯುತ್ತದೆ, ಕಸ ಮಾತ್ರ ಬರುತ್ತದೆ. ಹೂತುಕೊಂಡ ಮೀನಿಗೂ ಪೆಟ್ಟಾಗುವುದಿಲ್ಲ.

ತೊಟ್ಟಿ ಆರಿಸುವಾಗಲೂ ತಳವನ್ನೇ ಅಳೆಯಿರಿ. 2 ಅಡಿ ಉದ್ದ, 1 ಅಡಿ ಅಗಲ, 1 ಅಡಿ ಎತ್ತರದ ತೊಟ್ಟಿ ಅಂಚಿನವರೆಗೆ ತುಂಬಿದರೆ ಸುಮಾರು 57 ಲೀಟರ್. 1 ಅಡಿ ಚೌಕದ ತಳ, 2 ಅಡಿ ಎತ್ತರದ ತೊಟ್ಟಿಯಲ್ಲೂ 57 ಲೀಟರೇ. ನೀರು ಒಂದೇ, ಆದರೆ ಲೋಚ್‌ಗೆ ಮೊದಲನೆಯದರಲ್ಲಿ ಜಾಗ ಎರಡರಷ್ಟು. ಮೊದಲನೆಯ ಅಳತೆಯ ತೊಟ್ಟಿ ಐದಾರು ಕುಹ್ಲಿಗೆ ಸಾಕು. ಐದಕ್ಕಿಂತ ಕಮ್ಮಿ ತರಬೇಡಿ. ಒಂಟಿ ಲೋಚ್ ಹಗಲು ರಾತ್ರಿ ಅಡಗಿಯೇ ಇರುತ್ತದೆ. ಗುಂಪಾಗಿದ್ದರೆ ಒಂದರ ಧೈರ್ಯ ನೋಡಿ ಇನ್ನೊಂದು ಹೊರಬರುತ್ತದೆ. ಅರ್ಧ ತೆಂಗಿನ ಚಿಪ್ಪು, ಒಡೆದ ಮಣ್ಣಿನ ಕುಂಡ, ನುಣುಪು ಕಲ್ಲಿನ ಸಂದು, ಒಣಗಿದ ಕಾಡುಬಾದಾಮಿ ಎಲೆ, ಇಷ್ಟಿದ್ದರೆ ಅವಕ್ಕೆ ಮನೆ ಆಯಿತು. ಅಡಗಲು ಜಾಗ ಹೆಚ್ಚಿದಷ್ಟೂ ಮೀನು ಹೆಚ್ಚು ಕಾಣಿಸುತ್ತದೆ. ಓಡಿ ಸೇರಲು ಮೂಲೆ ಇದೆ ಎಂದು ಗೊತ್ತಿದ್ದ ಮೀನೇ ನಿರ್ಭಯವಾಗಿ ತಿರುಗುವುದು.

ನೀರು

ಮೈಸೂರಿನ ನಲ್ಲಿ ನೀರು ಕಾವೇರಿ, ಕಬಿನಿಯದು. ಕ್ಲೋರಿನ್ ಹಾಕಿ ಬಿಟ್ಟಿರುತ್ತಾರೆ. ಒಂದು ದಿನ ಅಗಲ ಬಾಯಿಯ ಬಕೆಟ್ಟಿನಲ್ಲಿ ಏರ್ ಸ್ಟೋನ್ (ಪಂಪಿನ ಗಾಳಿಯನ್ನು ಗುಳ್ಳೆಯಾಗಿ ಬಿಡುವ ಕಲ್ಲು) ಹಾಕಿ ಇಡಿ, ಅಥವಾ ಆಂಟಿ ಕ್ಲೋರಿನ್ ಹನಿ ಬಳಸಿ. ಮಂಡ್ಯದ ಕಡೆ ಬೋರ್‌ವೆಲ್ ನೀರೇ ಆಧಾರವಾದವರು ಗಡಸುತನ ಪರೀಕ್ಷಿಸಿ. ಪಾತ್ರೆಯಲ್ಲಿ ಬಿಳಿ ಪೊರೆ ಕಟ್ಟುವ ನೀರಾದರೆ ಆರ್.ಓ. ನೀರೋ ಮಳೆನೀರೋ ಬೆರೆಸಿ. ಕುಹ್ಲಿಗೆ ಮೆದು ನೀರು ಇಷ್ಟ, ಪಿ.ಎಚ್. (ನೀರಿನ ಹುಳಿ-ಕ್ಷಾರದ ಅಳತೆ) 6ರಿಂದ 7. ಜೀಬ್ರಾ ಸ್ವಲ್ಪ ಗಡಸನ್ನೂ ತಾಳುತ್ತದೆ.

ಕ್ಷಾರದ ನೀರಿನಲ್ಲಿ ಇನ್ನೊಂದು ಅಪಾಯ ಇದೆ. ಮೀನಿನ ಕೊಳೆಯಿಂದ ಬರುವ ಅಮೋನಿಯಾದಲ್ಲಿ ವಿಷ ರೂಪದ ಪಾಲು 25 ಡಿಗ್ರಿಯಲ್ಲಿ ಪಿ.ಎಚ್. 7ಕ್ಕೆ ನೂರಕ್ಕೆ 0.5ಕ್ಕಿಂತ ಚೂರು ಹೆಚ್ಚು. ಪಿ.ಎಚ್. 8ಕ್ಕೆ ನೂರಕ್ಕೆ 5 ದಾಟುತ್ತದೆ. ಅದೇ ಕೊಳೆ, ಸುಮಾರು ಹತ್ತು ಪಟ್ಟು ವಿಷ. ಹಾಗಾಗಿ ಹೊಸ ತೊಟ್ಟಿಗೆ ಮೊದಲ ಮೀನಾಗಿ ಲೋಚ್ ಬಿಡಬೇಡಿ. ಈ ವಿಷವನ್ನು ಕಳೆಯುವ ಬ್ಯಾಕ್ಟೀರಿಯಾ ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಅಮೋನಿಯಾ, ಅದರಿಂದಾಗುವ ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆ ತೋರಿಸಿದ ಮೇಲೆ ತನ್ನಿ. ಆಮೇಲೆ ವಾರಕ್ಕೆ ಒಂದು 15 ಲೀಟರ್ ಬಕೆಟ್ಟಿನಷ್ಟು ನೀರು ಬದಲಿಸಿದರೆ ಸಾಕು.

ಶಾಖ 24 ರಿಂದ 28 ಡಿಗ್ರಿ. ಡಿಸೆಂಬರ್, ಜನವರಿಯ ಚಳಿಗೆ ಮಾತ್ರ 50 ವ್ಯಾಟಿನ ಹೀಟರ್ ಇರಲಿ.

ಗಾಳಿ

ಕುಹ್ಲಿಯಂಥ ಲೋಚ್‌ಗಳು ಮೇಲೆ ಬಂದು ಒಂದು ಗುಟುಕು ಗಾಳಿ ನುಂಗಿ, ಕರುಳಿನಲ್ಲೇ ಅದರ ಆಮ್ಲಜನಕ ಹೀರಿಕೊಳ್ಳಬಲ್ಲವು. ಆಗೊಮ್ಮೆ ಈಗೊಮ್ಮೆ ಹಾಗೆ ಮಾಡಿದರೆ ಗಾಬರಿ ಬೇಡ. ಎಲ್ಲವೂ ಮತ್ತೆ ಮತ್ತೆ ಮೇಲಕ್ಕೆ ಓಡುತ್ತಿದ್ದರೆ ನೀರಿನಲ್ಲಿ ಉಸಿರಿಲ್ಲ ಅಂತ ಅರ್ಥ. ಬೇಸಿಗೆಯಲ್ಲಿ ಇದು ಜಾಸ್ತಿ. ಸಮುದ್ರ ಮಟ್ಟದಲ್ಲಿ 25 ಡಿಗ್ರಿ ನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕ ಹಿಡಿದಿಡುತ್ತದೆ, 30 ಡಿಗ್ರಿಗೆ ಅದು 7.5ಕ್ಕೆ ಇಳಿಯುತ್ತದೆ. ಮೈಸೂರು 760 ಮೀಟರಿನಷ್ಟು ಎತ್ತರದಲ್ಲಿದೆ, ನಮ್ಮಲ್ಲಿ ಇನ್ನೂ ಸ್ವಲ್ಪ ಕಮ್ಮಿ. ಹಳ್ಳಿಗಳಲ್ಲಿ ಕರೆಂಟ್ ಹೋದಾಗ ಬ್ಯಾಟರಿ ಏರ್ ಪಂಪ್ ಮೀನನ್ನು ಉಳಿಸುತ್ತದೆ.

ಏರ್ ಪಂಪ್ ಕೋಣೆಯ ಗಾಳಿಯನ್ನೇ ನೀರಿಗೆ ತಳ್ಳುತ್ತದೆ. ಸೊಳ್ಳೆ ಬತ್ತಿ, ಸೊಳ್ಳೆ ದ್ರಾವಣಗಳಲ್ಲಿರುವ ಪೈರೆಥ್ರಾಯ್ಡ್ ಎಂಬ ಕೀಟನಾಶಕ ಮೀನಿಗೆ ಕಡು ವಿಷ. ಆ ಕೋಣೆಯಲ್ಲಿ ಅದನ್ನು ಹಚ್ಚಲೇಬೇಡಿ. ಊದುಬತ್ತಿಯ ಹೊಗೆಯಿಂದಲೂ ಪಂಪ್ ದೂರ ಇರಲಿ. ಕುಹ್ಲಿ ಫಿಲ್ಟರಿನ ಬಾಯೊಳಗೆ ನುಗ್ಗಿಬಿಡುತ್ತದೆ, ಅದಕ್ಕೆ ಸ್ಪಾಂಜ್ ಕಟ್ಟಿ. ಮುಚ್ಚಳದಲ್ಲಿ ವೈರು ಹೋಗುವ ಕಿಂಡಿಯನ್ನೂ ಮುಚ್ಚಿ, ಆ ಕಿಂಡಿಯಿಂದಲೇ ಜಿಗಿಯುತ್ತದೆ.

ಊಟ

'ಸಾರ್, ಇದು ಕಸ ತಿನ್ನೋ ಮೀನು, ಬೇರೆ ಏನೂ ಹಾಕೋದು ಬೇಡ' ಎಂದು ಅಂಗಡಿಯಲ್ಲಿ ಹೇಳುತ್ತಾರೆ. ಅದನ್ನು ನಂಬಬೇಡಿ. ಲೋಚ್ ಹಿಕ್ಕೆ ತಿನ್ನುವುದಿಲ್ಲ. ಹುಳು, ಲಾರ್ವಾ, ಮುಳುಗುವ ಗುಳಿಗೆ ತಿನ್ನುತ್ತದೆ. ದೀಪ ಆರಿಸಿದ ಮೇಲೆ ಹಾಕಿ, ಹಗಲಿನ ಮೀನುಗಳಿಗೆ ಆಗ ಕಾಣುವುದಿಲ್ಲ. ಬ್ಲಡ್‌ವರ್ಮ್ (ಕೆಂಪು ಲಾರ್ವಾ) ಫ್ರೋಜನ್ ಆದರೆ ಒಳ್ಳೆಯದು. ಚರಂಡಿಯಿಂದ ಹಿಡಿದು ತಂದ ಜೀವಂತ ಟ್ಯೂಬಿಫೆಕ್ಸ್ ಹುಳು ಬೇಡ.

ಬಿಳಿ ಚುಕ್ಕಿ

ಲೋಚ್‌ಗೆ ಹುರುಪೆ ತೀರಾ ಸಣ್ಣದು, ಮೈ ಬರಿಯ ಚರ್ಮದಂತೆಯೇ ಇರುತ್ತದೆ. ಅದಕ್ಕೇ ಬಿಳಿ ಚುಕ್ಕಿ ರೋಗ ಮೊದಲು ಇದಕ್ಕೆ ಹತ್ತುತ್ತದೆ. ಇನ್ನೊಂದು ಕಾರಣವೂ ಇದೆ. ಇಕ್ತಿಯಾಫ್ತಿರಿಯಸ್ ಎಂಬ ಆ ಪರಾವಲಂಬಿ ಮೀನಿನ ಮೈಯಲ್ಲಿ ಬೆಳೆದು, ಉದುರಿ, ತಳಕ್ಕೆ ಬಿದ್ದು, ಅಲ್ಲಿ ಕೋಶ ಕಟ್ಟಿಕೊಂಡು ನೂರಾರು ಮರಿಗಳಾಗಿ ಒಡೆಯುತ್ತದೆ. ತಳದಲ್ಲೇ ಮಲಗಿರುವ ಮೀನು ಕೈಗೆಟುಕುವಂತೆ ಸಿಗುತ್ತದೆ, ಅಲ್ವಾ? ಔಷಧಿ ಕೊಲ್ಲುವುದು ನೀರಿನಲ್ಲಿ ಈಜುವ ಮರಿಗಳನ್ನು ಮಾತ್ರ. ಮೈಮೇಲಿನ ಚುಕ್ಕಿಯನ್ನಾಗಲಿ ತಳದ ಕೋಶವನ್ನಾಗಲಿ ಅದು ಮುಟ್ಟುವುದಿಲ್ಲ. ಆದ್ದರಿಂದ ಚುಕ್ಕಿ ಮಾಯವಾದ ದಿನವೇ ಚಿಕಿತ್ಸೆ ನಿಲ್ಲಿಸಬೇಡಿ, ಮುಂದೆ ಒಂದು ವಾರವಾದರೂ ನಡೆಸಿ.

ಔಷಧಿಯಲ್ಲಿ ಮ್ಯಾಲಕೈಟ್ ಗ್ರೀನ್ ಇದ್ದರೆ ಬಾಟಲಿಯಲ್ಲಿ ಬರೆದದ್ದರ ಅರ್ಧ ಹಾಕಿ. ತಾಮ್ರದ ಔಷಧಿ ಬೇಡವೇ ಬೇಡ. ನನಗೆ ಸರಿ ಕಾಣುವ ಮೊದಲ ದಾರಿ ಶಾಖ. ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ಏರಿಸಿ, ಗಾಳಿ ಜಾಸ್ತಿ ಮಾಡಿ, ದಿನವೂ ತಳದ ಕಸ ಎಳೆಯಿರಿ. ಪರಾವಲಂಬಿಯ ಸುತ್ತು ಬೇಗ ಮುಗಿಯುತ್ತದೆ, ಎಳೆದ ಕಸದ ಜೊತೆ ಕೋಶಗಳೂ ಹೊರಹೋಗುತ್ತವೆ. ಹೊಸ ಮೀನನ್ನು ಮೂರು ನಾಲ್ಕು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿದರೆ ಈ ಪಾಡು ಬಹುತೇಕ ತಪ್ಪುತ್ತದೆ. ಚೆನ್ನಾಗಿ ತಿಂದೂ ಬೆನ್ನು ಒಣಗುತ್ತಿದ್ದರೆ ಹೊಟ್ಟೆಯಲ್ಲಿ ಹುಳು ಇರಬಹುದು, ಅದೂ ಆ ತೊಟ್ಟಿಯಲ್ಲೇ ತಿಳಿಯುತ್ತದೆ.

ಆ ತೊಟ್ಟಿಯಿಂದ ದೊಡ್ಡದಕ್ಕೆ ಸಾಗಿಸುವಾಗ ಬಲೆ ಹಾಕಬೇಡಿ. ಕುಹ್ಲಿ, ಜೀಬ್ರಾದಂಥ ಲೋಚ್‌ನ ಕಣ್ಣಿನ ಕೆಳಗೆ ಚರ್ಮದಲ್ಲಿ ಅಡಗಿದ ಒಂದು ಮುಳ್ಳಿದೆ. ಹೆದರಿದಾಗ ಅದನ್ನು ನಿಗುರಿಸಿ ಬಿಗಿಹಿಡಿಯುತ್ತದೆ, ಬಲೆಯ ಕಣ್ಣಿಗೆ ಸಿಕ್ಕಿಕೊಳ್ಳುತ್ತದೆ. ಬಿಡಿಸಲು ಎಳೆದರೆ ಮುಖವೇ ಹರಿಯುತ್ತದೆ. ಜೀಬ್ರಾ, ಕ್ಲೌನ್‌ನಂಥ ಬೋಟಿಯಾಗಳ ಮುಳ್ಳು ಪ್ಲಾಸ್ಟಿಕ್ ಚೀಲವನ್ನೂ ತೂತು ಮಾಡುತ್ತದೆ, ಅಂಗಡಿಯಿಂದ ತರುವಾಗ ಎರಡು ಚೀಲ ಹಾಕಿಸಿ. ಮನೆಯಲ್ಲಿ ಒಂದು ಪ್ಲಾಸ್ಟಿಕ್ ಡಬ್ಬವನ್ನು ತಳದಲ್ಲಿ ಮಲಗಿಸಿ, ಕೈಯಿಂದ ನಿಧಾನಕ್ಕೆ ಅತ್ತ ಅಟ್ಟಿ. ಒಳಗೆ ಹೋದ ಮೇಲೆ ನೀರಿನ ಸಮೇತ ಎತ್ತಿ. ಬಲೆಗೆ ಸಿಕ್ಕೇಬಿಟ್ಟಿದ್ದರೆ ನೀರಿನೊಳಗೇ ಇಟ್ಟುಕೊಂಡು ಬಲೆಯ ದಾರವನ್ನು ಕತ್ತರಿಯಿಂದ ಕತ್ತರಿಸಿ.