ನೂರು ಮೀಟರ್ ಕೆಳಗಿನ ನೆಂಟರು

ದಕ್ಷಿಣ ಕ್ಯಾಲಿಫೋರ್ನಿಯಾದ ಕಡಲಲ್ಲಿ ಗಾಳ ಹಾಕುವವರಿಗೆ ವರ್ಮಿಲಿಯನ್ ರಾಕ್‌ಫಿಶ್ ಚೆನ್ನಾಗಿ ಗೊತ್ತು. ಕೆಂಪು ಮೈ, ಬೆನ್ನ ಮೇಲೆ ಮುಳ್ಳು. 2008ರಲ್ಲಿ ವಿಜ್ಞಾನಿ ಜಾನ್ ಹೈಡ್ ಮತ್ತು ಜೊತೆಗಾರರು ಇದರ ಡಿಎನ್‌ಎ ನೋಡಿದರು. ಒಂದೇ ಹೆಸರಿನಡಿ ಎರಡು ಜಾತಿ ಅಡಗಿತ್ತು! ಒಂದು ಹೆಚ್ಚಾಗಿ 100 ಮೀಟರ್ ಆಳಕ್ಕಿಂತ ಮೇಲೆ, ಇನ್ನೊಂದು ಅದಕ್ಕಿಂತ ಕೆಳಗೆ. ಕೆಳಗಿನದಕ್ಕೆ ಈಗ ಸನ್‌ಸೆಟ್ ರಾಕ್‌ಫಿಶ್ ಅಂತ ಹೆಸರು. ಅಕ್ಕಪಕ್ಕ ಇಟ್ಟು ನೋಡಿದರೂ ಗುರುತು ಹಿಡಿಯೋದು ಕಷ್ಟ.

ನೆಲದ ಮೇಲಾದರೆ ನಡುವೆ ಬೆಟ್ಟವೋ ನದಿಯೋ ಅಡ್ಡ ಬಂದು ಜಾತಿ ಒಡೆಯುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ. ಅದೂ ಅಲ್ಲದೆ ರಾಕ್‌ಫಿಶ್ ಮೊಟ್ಟೆ ಇಡೋದಿಲ್ಲ, ಮರಿಯನ್ನೇ ಹಾಕುತ್ತದೆ. ಆ ಪುಟ್ಟ ಮರಿಗಳು ಮೇಲಿನ ನೀರಲ್ಲಿ ಪ್ರವಾಹ ಎಳೆದತ್ತ ತೇಲಿ ಹೋಗುತ್ತವೆ. ಎಲ್ಲ ಬೆರೆತು ಹೋಗಬೇಕಿತ್ತು, ಅಲ್ವಾ?

ಹೈಡ್ ತಂಡ ಕೊಟ್ಟ ವಿವರಣೆ ನನಗೆ ಬಹಳ ಹಿಡಿಸಿತು. ಈ ಮರಿಗಳು ಮೊದಲು ಕಡಿಮೆ ಆಳದಲ್ಲಿ ನೆಲೆ ನಿಲ್ಲುತ್ತವೆ, ಬೆಳೆದಂತೆ ಕೆಳಕ್ಕೆ ಇಳಿಯುತ್ತವೆ. ಕೆಲವು ಪೂರ್ತಿ ಇಳಿಯದೆ ಮೇಲೆಯೇ ಉಳಿದು, ಅಲ್ಲೇ ಜೋಡಿ ಹುಡುಕಿಕೊಂಡವು ಅಂದುಕೊಳ್ಳಿ. ಬಾಲ್ಯ ಒಂದೇ ನೀರಲ್ಲಿ, ಸಂಸಾರ ಮಾತ್ರ ಬೇರೆ ಬೇರೆ. ತಲೆಮಾರುಗಳು ಕಳೆದಂತೆ ಜೀನ್‌ಗಳ ಬೆರಕೆ ನಿಂತೇ ಹೋಗುತ್ತದೆ. ಇದಿನ್ನೂ ಊಹೆ, ನಿಜ. ಆದರೆ 100ಕ್ಕೂ ಹೆಚ್ಚು ಜಾತಿಗಳಿರುವ ರಾಕ್‌ಫಿಶ್ ಬಳಗದಲ್ಲಿ ಹತ್ತಿರದ ನೆಂಟರು ಬೇರೆ ಬೇರೆ ಆಳ ಹಿಡಿದಿರುವುದು ಮತ್ತೆ ಮತ್ತೆ ಕಾಣಸಿಗುತ್ತದೆ.

ಕೆಳಕ್ಕೆ ಹೋದಂತೆ ಬೆಳಕು ಕಡಿಮೆ, ಚಳಿ ಜಾಸ್ತಿ. ಪ್ರತಿ 10 ಮೀಟರಿಗೆ ಇನ್ನೊಂದು ವಾಯುಮಂಡಲದಷ್ಟು ಒತ್ತಡ ಮೈಮೇಲೆ ಬೀಳುತ್ತದೆ. ಅದು ಪ್ರೋಟೀನುಗಳನ್ನೂ ಬಿಡೋದಿಲ್ಲ. ರಾಕ್‌ಫಿಶ್‌ಗೆ ಹತ್ತಿರದ ಥಾರ್ನಿಹೆಡ್ ಮೀನುಗಳನ್ನೇ ನೋಡಿ. ಅದೇ ಕರಾವಳಿಯಲ್ಲಿ ಇವುಗಳ ಎರಡು ಜಾತಿ ಇವೆ, ಒಂದರ ವಾಸ ಇನ್ನೊಂದಕ್ಕಿಂತ ಆಳದಲ್ಲಿ. ಸ್ನಾಯುವಿಗೆ ಆಮ್ಲಜನಕ ಸಾಲದಾದಾಗ ಶಕ್ತಿ ಒದಗಿಸಲು ನೆರವಾಗುವ ಲ್ಯಾಕ್ಟೇಟ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವನ್ನು (ಇದೂ ಒಂದು ಪ್ರೋಟೀನೇ) ವಿಜ್ಞಾನಿಗಳಾದ ಸೀಬೆನಾಲರ್ ಮತ್ತು ಸೊಮೆರೊ 1978ರಲ್ಲಿ ಎರಡರಿಂದಲೂ ತೆಗೆದು ಒತ್ತಡಕ್ಕೆ ಒಡ್ಡಿದರು. ಮೇಲಿನ ಮೀನಿನ ಕಿಣ್ವ ತಡಬಡಾಯಿಸಿತು. ಆಳದ ಮೀನಿನದು ಅಷ್ಟಾಗಿ ಜಗ್ಗಲಿಲ್ಲ. ಆಮೇಲೆ ಹುಡುಕಿದಾಗ ಸಿಕ್ಕ ವ್ಯತ್ಯಾಸ ಎಷ್ಟು ಗೊತ್ತಾ? ಮುನ್ನೂರಕ್ಕೂ ಹೆಚ್ಚು ಅಮೈನೋ ಆಮ್ಲಗಳ ಸರಪಳಿಯಲ್ಲಿ ಒಂದೇ ಒಂದು: ಹಿಸ್ಟಿಡಿನ್ ಇದ್ದ ಜಾಗದಲ್ಲಿ ಆಸ್ಪರಜಿನ್.

ಇದೇನೂ ಪುಕ್ಕಟೆ ಸಿಕ್ಕಿದ್ದಲ್ಲ. ಒತ್ತಡಕ್ಕೆ ಒಗ್ಗಿದ ಇಂಥ ಕಿಣ್ವಗಳು ಸಾಮಾನ್ಯವಾಗಿ ಕೆಲಸದಲ್ಲಿ ನಿಧಾನ. ಹಾಗಾಗಿ ಮೇಲಿನ ಮೀನಿಗೆ ಕೆಳಗೆ ಕಷ್ಟ, ಕೆಳಗಿನದಕ್ಕೆ ಮೇಲೆ ಹೋದರೆ ಅಲ್ಲಿನ ಚುರುಕಿನವುಗಳ ಜೊತೆ ಪೈಪೋಟಿ.